ಪದಚರ್ಚೆ: ‘ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದ’ ಎನ್ನಬಹುದೇ?

ಪ್ರಶ್ನೆ

ನಮಸ್ಕಾರ. ಅಮೆರಿಕದಲ್ಲಿ ದುಡಿದು ಹುಬ್ಬಳ್ಳಿ-ಧಾರವಾಡಕ್ಕೆ ಮರಳುವ ನಿವೃತ್ತರಿಗಾಗಿ ನಾಲ್ಕು ಪುಟದ ತೆರಿಗೆ ಮಾಹಿತಿಯೊಂದು ಕನ್ನಡಕ್ಕೆ ಬರಬೇಕಾಗಿದೆ. ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಳ್ಳುವ ಒಪ್ಪಂದ ಡಿಟಿಎಎ (ಡಬಲ್ ಟ್ಯಾಕ್ಸೇಶನ್ ಅವಾಯ್ಡೆನ್ಸ್ ಅಗ್ರಿಮೆಂಟ್). ಅದಕ್ಕೆ ಪತ್ರಿಕೆಗಳು ‘ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದ’ ಎಂದು ಬರೆಯುತ್ತವೆ. ಕರಡು ಓದಿದವರೊಬ್ಬರು, ‘ಇದು ಟ್ಯಾಕ್ಸ್ ಮುಳಗಸೋ ದಾರಿ ಏನ್ರೀ?’ ಎಂದು ಕೇಳಿದರು. ಬೇರೆ ಪದ ಇದೆಯೇ? ಟ್ಯಾಕ್ಸ್ ಕ್ರೆಡಿಟ್, ಸೋಶಿಯಲ್ ಸೆಕ್ಯುರಿಟಿ, ಆರ್‌ಎನ್‌ಒಆರ್ (ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟ್ ಎಂಬ ತೆರಿಗೆ ದರ್ಜೆ) ಇವುಗಳಿಗೂ ತಿಳಿಸಿ.

ಉತ್ತರ 1

ಅವರ ಗುಮಾನಿ ಸುಳ್ಳಲ್ಲ. ಅಪಘಾತ ತಪ್ಪಿಸಿದರೆ ಪುಣ್ಯ, ಸಾಲಿ ತಪ್ಪಿಸಿದರೆ ಕಳ್ಳಾಟ. ತೆರಿಗೆಯ ಪಕ್ಕಕ್ಕೆ ಬಂದ ‘ತಪ್ಪಿಸು’ ಎರಡನೆಯ ಅರ್ಥಕ್ಕೇ ವಾಲುತ್ತದೆ. ‘ದುಪ್ಪಟ್ಟು’ ಕೂಡ ಇಲ್ಲಿ ಹೊಂದದು. ಉಳ್ಳಾಗಡ್ಡಿ ದರ ದುಪ್ಪಟ್ಟಾಗಬಹುದು; ಇಲ್ಲಿ ದರ ಎರಡು ಪಟ್ಟಾಗುವುದಿಲ್ಲ, ಒಂದೇ ಆದಾಯದ ಮೇಲೆ ಎರಡು ದೇಶಗಳು ಹಕ್ಕು ಹೇಳುತ್ತವೆ. ‘ಇಬ್ಬದಿ ತೆರಿಗೆ ನಿವಾರಣೆ ಒಪ್ಪಂದ’ ಎಂದರೆ ವಿಷಯಕ್ಕೆ ಹತ್ತಿರ. ತೆರಿಗೆಗೆ ಪಟ್ಟಿ ಎಂದು ಮನಿಪಟ್ಟಿ, ನೀರಿನ ಪಟ್ಟಿ ಕಟ್ಟುವ ನಮ್ಮ ಕಡೆಯವರಿಗೆ ‘ಇಬ್ಬದಿ ಪಟ್ಟಿ’ ಇನ್ನೂ ಸಲೀಸು. ಆದರೆ ಮೈಸೂರಿನವರು ಅದನ್ನು ಯಾದಿ ಎಂದುಕೊಂಡಾರು, ಬಿಡಿ.

ಹೆಚ್ಚು ಎಚ್ಚರ ಬೇಕಾದದ್ದು ಕ್ರೆಡಿಟ್ ವಿಷಯದಲ್ಲಿ. ವಿನಾಯಿತಿ ಎಂದರೆ ಆ ಆದಾಯಕ್ಕೆ ತೆರಿಗೆಯೇ ಇಲ್ಲ. ಕಡಿತ ಎಂದರೆ ಆದಾಯದಲ್ಲಿ ಕಳೆಯುವುದು. ಕ್ರೆಡಿಟ್ ಎಂದರೆ ಲೆಕ್ಕ ಹಾಕಿ ಬಂದ ತೆರಿಗೆಯಲ್ಲೇ ಕಳೆಯುವುದು. ಹೊರದೇಶದ ಆದಾಯ 10 ಲಕ್ಷ, ಅಲ್ಲಿ ಕಟ್ಟಿದ ತೆರಿಗೆ 1.5 ಲಕ್ಷ, ಇಲ್ಲಿನ ದರ 30% ಎನ್ನಿ (ಸೆಸ್ ಬಿಟ್ಟು). ಕ್ರೆಡಿಟ್ ಆದರೆ 3 ಲಕ್ಷದಲ್ಲಿ 1.5 ಲಕ್ಷ ಹೋಗಿ ಉಳಿದ 1.5 ಲಕ್ಷ ಕಟ್ಟಬೇಕು. ಅದನ್ನೇ ‘ಕಡಿತ’ ಎಂದು ಓದಿದವರು 8.5 ಲಕ್ಷಕ್ಕೆ ಲೆಕ್ಕ ಹಾಕಿ 2.55 ಲಕ್ಷ ಕಟ್ಟುತ್ತಾರೆ.

‘ಜಮೆ’ ನಿಘಂಟಿನ ಪ್ರಕಾರ ಸರಿ, ಆದರೆ ಸೊಸೈಟಿ ಪಾಸ್‌ಬುಕ್ಕಿನಲ್ಲಿ ಜಮೆ ಎಂದರೆ ರೊಕ್ಕ ಬಂತು ಎಂದೇ ಅರ್ಥ. ಇಲ್ಲಿ ಹಾಗಾಗುವುದಿಲ್ಲ. ಅಲ್ಲಿ 3.5 ಲಕ್ಷ ಕಟ್ಟಿದ್ದರೂ ಭಾರತ ಲೆಕ್ಕಕ್ಕೆ ಹಿಡಿಯುವುದು 3 ಲಕ್ಷದವರೆಗೆ ಮಾತ್ರ. ಮಿಕ್ಕ 50 ಸಾವಿರವನ್ನು ಮರಳಿ ಕೊಡುವುದಿಲ್ಲ. ಹಾಗಾಗಿ ನನ್ನ ಆಯ್ಕೆ ‘ವಜಾ’. ‘ಅಡ್ವಾನ್ಸ್ ವಜಾ ಮಾಡಿ ಉಳಿದದ್ದು ಕೊಡ್ರಿ’ ಎಂಬ ಮಾತು ಎಲ್ಲ ಅಂಗಡಿಗಳಲ್ಲೂ ಇದೆ. ವಿದೇಶಿ ತೆರಿಗೆ ವಜಾ.

ಸೋಶಿಯಲ್ ಸೆಕ್ಯುರಿಟಿಯನ್ನು ಅನುವಾದಿಸಬೇಡಿ. ‘ಸಾಮಾಜಿಕ ಭದ್ರತೆ’ ಎಂದ ಕೂಡಲೇ ಹಾವೇರಿಯ ಓದುಗರಿಗೆ ಸಂಧ್ಯಾ ಸುರಕ್ಷಾ, ವಿಧವಾ ವೇತನ ನೆನಪಾಗುತ್ತವೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಪಗಾರದಲ್ಲಿ ಮುರಿದುಕೊಂಡ ವಂತಿಗೆಯ ಮೇಲೆ ನಿಂತದ್ದು. ನಿವೃತ್ತಿ ಹಣಕ್ಕೆ 40 ಕ್ರೆಡಿಟ್ (ಇದು ಟ್ಯಾಕ್ಸ್ ಕ್ರೆಡಿಟ್ ಅಲ್ಲ, ದುಡಿಮೆಯ ಅಂಕ), ಅಂದರೆ ಸುಮಾರು 10 ವರ್ಷದ ದುಡಿಮೆ ಬೇಕು. ‘ಪಿಂಚಣಿ’ ಎಂದೂ ಬರೆಯಬೇಡಿ. ಭಾರತ-ಅಮೆರಿಕ ಒಪ್ಪಂದದ 20ನೇ ವಿಧಿ ಇವೆರಡನ್ನು ಬೇರೆ ಬೇರೆ ಇಟ್ಟಿದೆ: ಖಾಸಗಿ ಪಿಂಚಣಿಗೆ ತೆರಿಗೆ ವಾಸದ ದೇಶದಲ್ಲಿ, ಸೋಶಿಯಲ್ ಸೆಕ್ಯುರಿಟಿಗೆ ಹಣ ಕೊಡುವ ದೇಶದಲ್ಲಿ ಮಾತ್ರ. ಅದೇ ವಿಧಿಯಲ್ಲಿ ಪಿಂಚಣಿ ಎಂದರೆ ಕಂತುಕಂತಾಗಿ ಬರುವ ಹಣ. ಅಮೆರಿಕದ ನೌಕರರ ನಿವೃತ್ತಿ ಉಳಿತಾಯವಾದ 401(ಕೆ)ಯಿಂದ ಒಂದೇ ಏಟಿಗೆ ತೆಗೆದ ಗಂಟಿಗೆ ಆ ಹೆಸರಿಟ್ಟರೆ ತಕರಾರು ಕಟ್ಟಿಟ್ಟದ್ದು. ಅದಕ್ಕೆ ‘ನಿವೃತ್ತಿ ಖಾತೆ’ ಸಾಕು.

ಉತ್ತರ 2

‘ವಜಾ’ ಧಾರವಾಡಕ್ಕೆ ಸರಿ, ಬೆಂಗಳೂರಿನಲ್ಲಿ ವಜಾ ಎಂದರೆ ನೌಕರಿ ಹೋಯಿತು ಎಂದು. ಮೊದಲ ಸಲ ಬಳಸುವಾಗ ‘ಟ್ಯಾಕ್ಸ್ ಕ್ರೆಡಿಟ್’ ಎಂದೂ ಪಕ್ಕದಲ್ಲಿ ಕೊಡಿ.

ಆರ್‌ಎನ್‌ಒಆರ್‌ಗೆ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂದು ಬರೆಯುವುದುಂಟು. ಓದಿದರೆ ಯಾರೋ ಅಸಾಮಾನ್ಯ ಮನುಷ್ಯ ಎನಿಸುತ್ತದೆ! ‘ನೆಲೆಯೂರದ ನಿವಾಸಿ’ ಎನ್ನಬಹುದು. ಊರಿಗೆ ಮರಳಿ ನಿವಾಸಿ ಎನಿಸಿಕೊಂಡರೂ, ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ ಈ ದರ್ಜೆ. ಆ ವರ್ಷ ಹೊರಗೇ ಹುಟ್ಟಿ ಹೊರಗೇ ಕೈಸೇರಿದ ಬಡ್ಡಿ, ಲಾಭಾಂಶಗಳಿಗೆ ಇಲ್ಲಿ ತೆರಿಗೆಯಿಲ್ಲ. ‘ಮರಳಿದ ದಿನದಿಂದ ಎರಡು ವರ್ಷ ಈ ದರ್ಜೆ’ ಎಂಬ ಬಾಯಿಮಾತಿನ ಲೆಕ್ಕವನ್ನು ಮಾಹಿತಿಯಲ್ಲಿ ಸೇರಿಸಬೇಡಿ. ದರ್ಜೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಇಡೀ ವರ್ಷಕ್ಕೆ ಅನ್ವಯ, ಪ್ರತಿ ವರ್ಷವೂ ಪಾಸ್‌ಪೋರ್ಟಿನ ಮುದ್ರೆ ನೋಡಿ ದಿನ ಎಣಿಸಬೇಕು.

‘ಅನಿವಾಸಿ’ ಪದಕ್ಕೂ ಅಡಿಟಿಪ್ಪಣಿ ಹಾಕಿ: ಅದು ಪೌರತ್ವವಲ್ಲ, ದಿನಗಳ ಲೆಕ್ಕ. ಗದಗಿನಲ್ಲೇ ಹುಟ್ಟಿದ, ಭಾರತದ ಪಾಸ್‌ಪೋರ್ಟೇ ಇರುವ ಮನುಷ್ಯ ಒಂದು ವರ್ಷ ಅನಿವಾಸಿ, ಮುಂದಿನ ವರ್ಷ ನಿವಾಸಿ ಆಗಬಹುದು.