ಬಿಸಿಲು ಬಂದರೆ ಬ್ಯಾಟರಿ ಆಫ್! ಎಸಿ ಕಪಲ್ಡ್ ಆಫ್‌ಗ್ರಿಡ್ ಸೋಲಾರ್, ಭಾಗಮಂಡಲ

ತೋಟದಮನೆ

ಎಲ್ಲರಿಗೂ ನಮಸ್ಕಾರ. ಭಾಗಮಂಡಲದಿಂದ ಒಳಗೆ ನಮ್ಮ ತೋಟ. ಮನೆಗೆ ಲೈನ್ ಕರೆಂಟ್ ಇಲ್ಲ, ಎಲ್ಲವೂ ಸೋಲಾರ್ ಮೇಲೆಯೇ. 5 ಕಿಲೋವ್ಯಾಟ್ ಪ್ಯಾನೆಲ್, ಅದಕ್ಕೆ ಅಷ್ಟೇ ದೊಡ್ಡ ಗ್ರಿಡ್-ಟೈ ಇನ್ವರ್ಟರ್ (ಪ್ಯಾನೆಲ್‌ನ ಡಿಸಿಯನ್ನು ಎಸಿ ಮಾಡಿ ಲೈನ್‌ಗೆ ಸೇರಿಸುವಂಥದ್ದು). ಅದು 5 ಕೆವಿಎ ಬ್ಯಾಟರಿ ಇನ್ವರ್ಟರ್‌ನ ಔಟ್‌ಪುಟ್‌ಗೆ ಸೇರುತ್ತದೆ. 51.2 ವೋಲ್ಟ್, 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಎರಡು, ಪ್ಯಾರಲಲ್‌ನಲ್ಲಿ.

ಕಕ್ಕಡದಲ್ಲಿ (ಜುಲೈ-ಆಗಸ್ಟ್ ಮಳೆಯ ತಿಂಗಳು) ಬೆಳಗಿನ ಜಾವ ಆಫ್ ಆಗುತ್ತಿತ್ತು. ಸೂರ್ಯನ ಮುಖವೇ ಕಾಣದ ಮಳೆ, ಅದು ಸರಿ. ಈಗ ಮಳೆ ಬಿಟ್ಟು ಒಳ್ಳೆ ಬಿಸಿಲು, ಆದರೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮನೆಯೆಲ್ಲಾ ಆಫ್. ಬ್ಯಾಟರಿಯಲ್ಲಿ ಕೆಂಪು ದೀಪ. ಸ್ವಲ್ಪ ಹೊತ್ತಿಗೆ ತಾನೇ ಆನ್ ಆಗುತ್ತದೆ, ಮತ್ತೆ ಹೋಗುತ್ತದೆ. ಹಾಕಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಬ್ಯಾಟರಿ ಕೈಕೊಟ್ಟಿತಾ? ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಓಡಿಸುವ ಕಾಲ ಬೇರೆ ಹತ್ತಿರ ಬರುತ್ತಿದೆ.

ಗೋಣಿಕೊಪ್ಪ_ಜೀಪ್

ಸೆಲ್ ಹೋಗಿರುತ್ತದೆ ಸರ್. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ವಾರಂಟಿಗೆ ಕೊಟ್ಟುಬಿಡಿ.

ಪ್ಯಾನೆಲ್‌ಪುರಾಣ

ಜೀಪ್ ಅಣ್ಣ, ತಡೀರಿ. ಭಾಗಮಂಡಲದಿಂದ ಅಷ್ಟು ಭಾರದ ಬ್ಯಾಟರಿ ಹೊತ್ತು ತರಿಸುವ ಮೊದಲು ನೋಡುವುದು ಬೇಕಾದಷ್ಟಿದೆ.

ಬ್ಯಾಟರಿ ಆಫ್ ಆಯ್ತು ಅಂದಾಗ ನಾನು ಮೊದಲು ಕೇಳುವುದು ಎಷ್ಟು ಗಂಟೆಗೆ ಅಂತ. ಬೆಳಗಿನ ಜಾವ ಹೋದರೆ ಬ್ಯಾಟರಿ ಖಾಲಿ. ನಡು ಮಧ್ಯಾಹ್ನ ಹೋದರೆ ಬ್ಯಾಟರಿ ತುಂಬಿದೆ, ಇನ್ನು ತಗೊಳ್ಳಲ್ಲ ಅಂತ ಬಾಗಿಲು ಹಾಕಿದೆ. ಎರಡಕ್ಕೂ ಅದೇ ಕೆಂಪು ದೀಪ, ಆದರೆ ಮದ್ದು ತದ್ವಿರುದ್ಧ. ನಿಮ್ಮದು ಎರಡನೆಯದು.

ಎಸಿ ಕಪಲ್ಡ್ ಸಿಸ್ಟಮ್‌ನಲ್ಲಿ ಪ್ಯಾನೆಲ್ ಕರೆಂಟ್ ಮೊದಲು ಮನೆಗೆ ಹೋಗುತ್ತದೆ. ಉಳಿದದ್ದು ಬ್ಯಾಟರಿ ಇನ್ವರ್ಟರ್ ಮೂಲಕ ಹಿಂದಕ್ಕೆ ಹರಿದು ಬ್ಯಾಟರಿ ಸೇರುತ್ತದೆ. ಬ್ಯಾಟರಿ ತುಂಬುತ್ತಾ ಬಂದಾಗ ಬ್ಯಾಟರಿ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ಗಿಂತ ಮೇಲೆ ಏರಿಸುತ್ತದೆ. ಅದನ್ನು ನೋಡಿ ಗ್ರಿಡ್-ಟೈ ಇನ್ವರ್ಟರ್ ಉತ್ಪಾದನೆ ಇಳಿಸಬೇಕು. ಇವೆರಡರ ನಡುವೆ ಈ ಸನ್ನೆ ಬಿಟ್ಟರೆ ಸಾಮಾನ್ಯವಾಗಿ ಬೇರೆ ಮಾತುಕತೆ ಇರುವುದಿಲ್ಲ. ನಿಮ್ಮಲ್ಲಿ ಸನ್ನೆ ಹೋಗುತ್ತಿಲ್ಲ, ಇಲ್ಲಾ ತಡವಾಗಿ ಹೋಗುತ್ತಿದೆ.

ನಾಳೆ ಹನ್ನೊಂದರಿಂದ ಅಲ್ಲೇ ನಿಂತು ನೋಡಿ: ಬಿಎಂಎಸ್ (ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಆ್ಯಪ್‌ನಲ್ಲಿ ಹದಿನಾರು ಸೆಲ್‌ಗಳ ವೋಲ್ಟೇಜ್, ಇನ್ವರ್ಟರ್ ಡಿಸ್‌ಪ್ಲೇಯಲ್ಲಿ ಫ್ರೀಕ್ವೆನ್ಸಿ. ಬ್ಯಾಟರಿ ಟೈಪ್ ಏನಂತ ಸೆಟ್ ಮಾಡಿದ್ದಾರೆ, ಬ್ಯಾಟರಿಯಿಂದ ಇನ್ವರ್ಟರ್‌ಗೆ ಕಮ್ಯುನಿಕೇಶನ್ ಕೇಬಲ್ ಇದೆಯಾ, ಅದನ್ನೂ ಹೇಳಿ.

ತೋಟದಮನೆ

ನೋಡಿದೆ ಸರ್. ಆಫ್ ಆಗುವ ಸ್ವಲ್ಪ ಮುಂಚೆ ಒಟ್ಟು 55.9 ವೋಲ್ಟ್. ಒಂದನೇ ಬ್ಯಾಟರಿಯಲ್ಲಿ ಏಳನೇ ಸೆಲ್ 3.66, ಉಳಿದವೆಲ್ಲಾ 3.48 ಆಸುಪಾಸು. ಎರಡನೇ ಬ್ಯಾಟರಿಯಲ್ಲಿ ಎಲ್ಲವೂ ಹೆಚ್ಚುಕಡಿಮೆ 3.49. ಫ್ರೀಕ್ವೆನ್ಸಿ ಕೊನೆ ತನಕ 50.0, ಅಲ್ಲಾಡಲೇ ಇಲ್ಲ. ಬ್ಯಾಟರಿ ಟೈಪ್ "ಟ್ಯೂಬ್ಯುಲರ್", ಚಾರ್ಜ್ ವೋಲ್ಟೇಜ್ 57.6. ಕೇಬಲ್ ಎರಡು ಬ್ಯಾಟರಿಗಳ ನಡುವೆ ಮಾತ್ರ ಇದೆ, ಇನ್ವರ್ಟರ್‌ಗೆ ಇಲ್ಲ.

ಪ್ಯಾನೆಲ್‌ಪುರಾಣ

ಸಿಕ್ಕಿತು. ಟ್ಯೂಬ್ಯುಲರ್ ಅಂದರೆ ಲೆಡ್ ಆಸಿಡ್ ಸೆಟ್ಟಿಂಗ್, ಅದರಂತೆ ಬ್ಯಾಟರಿ ಇನ್ವರ್ಟರ್ 57.6ಕ್ಕೆ ಕಾಯುತ್ತಾ ಕೂತಿದೆ. ಅಲ್ಲಿಗೆ ಮುಟ್ಟುವ ತನಕ ಅದರ ಲೆಕ್ಕದಲ್ಲಿ ಬ್ಯಾಟರಿ ತುಂಬಿಲ್ಲ, ಹಾಗಾಗಿ ಫ್ರೀಕ್ವೆನ್ಸಿ ಏರಿಸುವುದಿಲ್ಲ. ಅಷ್ಟರಲ್ಲಿ ನಿಮ್ಮ ಏಳನೇ ಸೆಲ್ 3.65 ದಾಟುತ್ತದೆ. ಸಾಮಾನ್ಯವಾಗಿ ಬಿಎಂಎಸ್ ಚಾರ್ಜ್ ನಿಲ್ಲಿಸುವುದು ಅಲ್ಲೇ. ಒಂದನೇ ಬ್ಯಾಟರಿ ಮುಚ್ಚಿಕೊಂಡಿತು. ಮಧ್ಯಾಹ್ನ ಬರುವ 80 ಆಂಪಿಯರ್ ಪೂರ್ತಿ ಎರಡನೆಯದರ ತಲೆಗೆ. ಇಂಥ 100 ಎಎಚ್ ಬ್ಯಾಟರಿಗಳಿಗೆ ಸಾಮಾನ್ಯವಾಗಿ 50 ಆಂಪಿಯರ್ ಚಾರ್ಜ್ ಹೇಳಿರುತ್ತಾರೆ, ಅದೂ ಮುಚ್ಚಿಕೊಳ್ಳುತ್ತದೆ. ಬಂದ ಕರೆಂಟ್‌ಗೆ ಹೋಗಲು ಜಾಗವೇ ಇಲ್ಲ, ಡಿಸಿ ವೋಲ್ಟೇಜ್ ಮೇಲೆ ಹಾರಿ ಇನ್ವರ್ಟರ್ ಟ್ರಿಪ್. ಬ್ಯಾಟರಿಯೊಳಗೆ ಭರ್ತಿ ಕರೆಂಟ್ ಇದ್ದೂ ಮನೆ ಆಫ್.

ಏಳನೇ ಸೆಲ್ ಕೆಟ್ಟಿದೆ ಅಂತ ಈಗಲೇ ಹೇಳಬೇಡಿ. ಬಹುತೇಕ ಬಿಎಂಎಸ್‌ಗಳು ಸೆಲ್‌ಗಳನ್ನು ಸಮ ಮಾಡುವುದು 3.4 ವೋಲ್ಟ್ ದಾಟಿದ ಮೇಲೆ ಮಾತ್ರ, ಅದೂ ಒಂದೆರಡು ನೂರು ಮಿಲಿಆಂಪಿಯರ್‌ನಲ್ಲಿ. ಜೂನ್‌ನಿಂದ ನಿಮ್ಮ ಬ್ಯಾಟರಿ ಒಂದು ಸಲವಾದರೂ ಪೂರ್ತಿ ತುಂಬಿತ್ತಾ? ನಮ್ಮ ಮಳೆಗಾಲದಲ್ಲಿ ಅದು ಎಲ್ಲಿಂದ ಸಾಧ್ಯ! ಅಷ್ಟು ಕಾಲ ಸಮ ಆಗದೆ ಉಳಿದ ಸೆಲ್‌ಗಳು ಮೊದಲ ಬಿಸಿಲಿಗೆ ಬಣ್ಣ ತೋರಿಸುತ್ತವೆ. ಬಯಲುಸೀಮೆಯಲ್ಲಿ ಇದೇ ಬ್ಯಾಟರಿ ವಾರಕ್ಕೆ ನಾಲ್ಕು ಸಲ ತುಂಬಿ ತಾನೇ ಸರಿಯಾಗಿರುತ್ತಿತ್ತು.

ಟೈಪ್ ಅನ್ನು ಲಿಥಿಯಂಗೆ, ಇಲ್ಲದಿದ್ದರೆ ಯೂಸರ್ ಮೋಡ್‌ಗೆ ಬದಲಿಸಿ. ಚಾರ್ಜ್ 55.2, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 54. ಈಕ್ವಲೈಸೇಶನ್ ಆಫ್ ಮಾಡಿ, ಅದು ಲೆಡ್ ಆಸಿಡ್‌ಗೆ ಮಾತ್ರ. ಚಾರ್ಜ್ ಕರೆಂಟ್ ಮಿತಿ 50ಕ್ಕೆ ತನ್ನಿ, ಒಂದು ಬ್ಯಾಟರಿ ಮುಚ್ಚಿದರೂ ಇನ್ನೊಂದು ತಡೆಯಬೇಕು.

ಸೆಲ್ ಸಮ ಆಗುವ ತನಕ ಪ್ಯಾನೆಲ್‌ನ ಒಂದು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಗುಂಪು) ಆಫ್ ಇರಲಿ. ಮೊದಲು ಗ್ರಿಡ್-ಟೈ ಇನ್ವರ್ಟರ್‌ನ ಎಸಿ ಎಂಸಿಬಿ ಇಳಿಸಿ, ಆಮೇಲೆ ಡಿಸಿ ಐಸೋಲೇಟರ್ ತಿರುಗಿಸಿ, ಮತ್ತೆ ಎಸಿ ಎತ್ತಿ. ಲೋಡ್ ಇರುವಾಗ ಡಿಸಿ ಕಡೆ ಕೈ ಹಾಕಬೇಡಿ, ಕಿಡಿ ಹಾರುತ್ತದೆ. ಬ್ಯಾಟರಿ ನಿಧಾನವಾಗಿ ತುಂಬಿ, ಮೇಲಿನ ವೋಲ್ಟೇಜ್‌ನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ತುದಿಯಲ್ಲಿ ವ್ಯತ್ಯಾಸ 30 ಮಿಲಿವೋಲ್ಟ್ ಒಳಗೆ ಬಂದರೆ ಸಾಕು. ಅರ್ಧ ಚಾರ್ಜ್‌ನಲ್ಲಿ ನೋಡಿ ಖುಷಿಪಡಬೇಡಿ, ಅಲ್ಲಿ ಎಲ್ಲಾ ಸೆಲ್ಲೂ ಒಂದೇ ಥರ ಕಾಣುತ್ತದೆ. ಎಷ್ಟು ಮಾಡಿದರೂ ಏಳನೆಯದೇ ಮೊದಲು ಏರಿ, ರಾತ್ರಿ ಮೊದಲು ಇಳಿಯುವುದೂ ಅದೇ ಆದರೆ ಆಗ ಜೀಪ್ ಅಣ್ಣ ಹೇಳಿದ್ದು ಸರಿ, ವಾರಂಟಿ.

ತೋಟದಮನೆ

ದೊಡ್ಡ ಉಪಕಾರ ಸರ್. ಮನೆ ಆಫ್ ಆಗುವುದು ನಿಂತಿತು. ಏಳನೇ ಸೆಲ್ ಈಗ ಉಳಿದವಕ್ಕಿಂತ 40 ಮಿಲಿವೋಲ್ಟ್ ಮಾತ್ರ ಮೇಲೆ. ಆದರೆ ಹೊಸದೊಂದು ಶುರುವಾಗಿದೆ. ಬ್ಯಾಟರಿ ತುಂಬಿದ ಮೇಲೆ ಗ್ರಿಡ್-ಟೈ ಇನ್ವರ್ಟರ್ "ಗ್ರಿಡ್ ಫ್ರೀಕ್ವೆನ್ಸಿ" ಅಂತ ಎರರ್ ತೋರಿಸಿ ನಿಲ್ಲುತ್ತದೆ, ಐದು ನಿಮಿಷ ಎಣಿಸಿ ಮತ್ತೆ ಸೇರುತ್ತದೆ. ದಿನವಿಡೀ ಇದೇ ಆಟ.

ಪ್ಯಾನೆಲ್‌ಪುರಾಣ

ಒಳ್ಳೆ ಲಕ್ಷಣ, ಸನ್ನೆ ಹೋಗಲು ಶುರುವಾಗಿದೆ. ನಿಮ್ಮ ಗ್ರಿಡ್-ಟೈ ಇನ್ವರ್ಟರ್ ಭಾರತದ ಗ್ರಿಡ್ ಕೋಡ್‌ನಲ್ಲಿದೆ. ಲೈನ್‌ಗೆ ಸೇರಿಸುವ ಸೋಲಾರ್‌ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ 50.5 ಹರ್ಟ್ಸ್ ದಾಟಿದರೆ ಕಳಚಿಕೊಳ್ಳಬೇಕು ಅನ್ನುತ್ತದೆ. ಲೈನ್ ಇರುವ ಊರಿಗೆ ಅದು ಸರಿ, ನಿಮ್ಮ ತೋಟಕ್ಕೆ ತೊಂದರೆ. ನಿಮಗೆ ಬೇಕಿರುವುದು ಆಫ್‌ಗ್ರಿಡ್ ಅಥವಾ ಮೈಕ್ರೋಗ್ರಿಡ್ ಸೆಟ್ಟಿಂಗ್. ಅದರಲ್ಲಿ ಪವರ್ ಮೆಲ್ಲಗೆ ಇಳಿಯುತ್ತದೆ. ಉದಾಹರಣೆಗೆ ವಿಕ್ಟ್ರಾನ್ ಕಂಪನಿಯ ಬ್ಯಾಟರಿ ಇನ್ವರ್ಟರ್ ಜೊತೆ ಫ್ರೋನಿಯಸ್ ಕಂಪನಿಯ ಗ್ರಿಡ್-ಟೈ ಹಾಕುವಾಗ 50.2 ಹರ್ಟ್ಸ್‌ನಲ್ಲಿ ಇಳಿಯಲು ಶುರು, 52.7ಕ್ಕೆ ಸೊನ್ನೆ, 53ಕ್ಕೆ ಕಟ್. ಇದಕ್ಕೆ ಇನ್‌ಸ್ಟಾಲರ್ ಪಾಸ್‌ವರ್ಡ್ ಬೇಕು. ಹಾಕಿದವರು ಸಿಗದಿದ್ದರೆ ಸೀರಿಯಲ್ ನಂಬರ್ ಕೊಟ್ಟು ಇನ್ವರ್ಟರ್ ಕಂಪನಿಯ ಸರ್ವಿಸ್‌ಗೇ ಕೇಳಿ. ಮುಂದೆ ಎಂದಾದರೂ ಲೈನ್ ಬಂದರೆ ಮರೆಯದೆ ವಾಪಸ್ ಹಾಕಿಸಬೇಕು.

ಇನ್ನೊಂದು ಮಾತು, ಕೇಳಲು ಹಿತವಾಗಿರಲ್ಲ. ಎಸಿ ಕಡೆಯ ಪ್ಯಾನೆಲ್ ಪ್ರತಿ 1.5 ಕಿಲೋವ್ಯಾಟ್‌ಗೆ 4.8 ಯೂನಿಟ್ ಲಿಥಿಯಂ ಬೇಕು ಅಂತ ವಿಕ್ಟ್ರಾನ್‌ನವರ ಸೂಚನೆ. ನಿಮ್ಮ ಐದಕ್ಕೆ 16 ಯೂನಿಟ್ ಆಗುತ್ತದೆ. ನಿಮ್ಮಲ್ಲಿರುವುದು 10. ಗೀಸರ್ ಥಟ್ಟನೆ ಆಫ್ ಆದಾಗ ಆ ಎರಡು ಕಿಲೋವ್ಯಾಟ್ ಅದೇ ಕ್ಷಣ ಬ್ಯಾಟರಿಗೆ ನುಗ್ಗುತ್ತದೆ, ಫ್ರೀಕ್ವೆನ್ಸಿ ಏರುವಷ್ಟರಲ್ಲಿ ಅದನ್ನು ನುಂಗಲು ಜಾಗ ಬೇಕಲ್ವಾ?

ಕಕ್ಕಬ್ಬೆ_ಹೋಂಸ್ಟೇ

ಬೆಳಗಿನ ಜಾವದ ಕಥೆಯನ್ನು ಎಲ್ಲರೂ ಮರೆತಿರಿ. ಮುಂದಿನ ಮಳೆಗಾಲಕ್ಕೆ ಅದೇ ನಿಜವಾದ ತಲೆನೋವು. ಬ್ಯಾಟರಿ ಖಾಲಿಯಾಗಿ ಬಿಎಂಎಸ್ ಆಫ್ ಆದರೆ ಎಂಟು ಗಂಟೆಗೆ ಬಿಸಿಲು ಬಂದರೂ ಪ್ರಯೋಜನವಿಲ್ಲ. ಗ್ರಿಡ್-ಟೈ ಇನ್ವರ್ಟರ್ ಎದ್ದೇಳಲು ಬ್ಯಾಟರಿ ಇನ್ವರ್ಟರ್ ಕೊಡುವ ಎಸಿ ಬೇಕು, ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿಗೆ ಪ್ಯಾನೆಲ್ ಬೇಕು. ನಾವು ಮೂರ್ನಾಲ್ಕು ಪ್ಯಾನೆಲ್ ಬೇರೆ ಮಾಡಿ ಎಂಪಿಪಿಟಿ ಚಾರ್ಜರ್ ಮೂಲಕ ನೇರ ಬ್ಯಾಟರಿಗೆ ಕೊಟ್ಟಿದ್ದೇವೆ. ಇನ್ವರ್ಟರ್ ಸತ್ತರೂ ಅದು ತುಂಬಿಸುತ್ತದೆ.

ಇನ್ವರ್ಟರ್‌ನ ಲೋ ಕಟ್ಆಫ್ 49 ವೋಲ್ಟ್ ಹತ್ತಿರ ಇಡಿ, ಬಿಎಂಎಸ್‌ಗಿಂತ ಮೊದಲು ಅದೇ ನಿಲ್ಲಲಿ. ಮತ್ತೆ ಆನ್ ಮಾಡುವಾಗ ಮನೆಯ ಎಂಸಿಬಿ ಎಲ್ಲಾ ಇಳಿಸಿ, ಗ್ರಿಡ್-ಟೈ ಒಂದನ್ನೇ ಬಿಟ್ಟು, ಅದರ ಐದು ನಿಮಿಷ ಮುಗಿಯುವ ತನಕ ಯಾರೂ ಮಿಕ್ಸಿ ಹಾಕದಂತೆ ನೋಡಿಕೊಳ್ಳಿ. ನಮ್ಮಲ್ಲಿ ಇದಕ್ಕೇ ಜಾಸ್ತಿ ಜಗಳ! ಆ್ಯಪ್ ತೋರಿಸುವ ಶೇಕಡಾವಾರನ್ನೂ ನಂಬಬೇಡಿ. ತಿಂಗಳುಗಟ್ಟಲೆ ಪೂರ್ತಿ ತುಂಬದಿದ್ದರೆ ಆ ಲೆಕ್ಕ ತಪ್ಪಿರುತ್ತದೆ, 30 ಅಂತ ತೋರಿಸುತ್ತಲೇ ಆಫ್ ಆಗುತ್ತದೆ.

ತೋಟದಮನೆ

ಅಕ್ಕಾ, ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಸರ್ವಿಸ್‌ನವರು ಕೋಡ್ ಬದಲಿಸಿಕೊಟ್ಟರು. ಈಗ ಬ್ಯಾಟರಿ ತುಂಬಿದರೆ ಫ್ರೀಕ್ವೆನ್ಸಿ 51.8 ತನಕ ಹೋಗುತ್ತದೆ, ಪ್ಯಾನೆಲ್ ಪವರ್ ಮೆಲ್ಲಗೆ ಇಳಿಯುತ್ತದೆ, ಎರರ್ ಇಲ್ಲ. ಎರಡನೇ ಸ್ಟ್ರಿಂಗ್ ಕೂಡ ಆನ್ ಮಾಡಿದೆ. ಪಲ್ಪರ್‌ಗೆ 2 ಎಚ್‌ಪಿ ಮೋಟರ್, ಈ ಇನ್ವರ್ಟರ್ ಎಳೆಯುತ್ತದಾ?

ಪ್ಯಾನೆಲ್‌ಪುರಾಣ

ಓಡುವಾಗ ಎಳೆಯುತ್ತದೆ, ಸ್ಟಾರ್ಟ್ ಆಗುವಾಗಲೇ ಕಷ್ಟ. ನೇರವಾಗಿ ಸ್ಟಾರ್ಟ್ ಮಾಡಿದರೆ ಆರೇಳು ಪಟ್ಟು ಕರೆಂಟ್ ಕೇಳುತ್ತದೆ. ತ್ರೀ ಫೇಸ್ ಮೋಟರ್ ಆದರೆ ಸಿಂಗಲ್ ಫೇಸ್ ಇನ್‌ಪುಟ್‌ನ ವಿಎಫ್‌ಡಿ (ಮೋಟರ್ ವೇಗ ನಿಯಂತ್ರಕ) ಹಾಕಿಸಿ, ಮೆಲ್ಲಗೆ ವೇಗ ಹಿಡಿಯುತ್ತದೆ. ಹಣ್ಣು ಹಾಕದೆ ಸ್ಟಾರ್ಟ್ ಮಾಡಿ, ವೇಗ ಬಂದ ಮೇಲೆ ಸುರಿಯಿರಿ. ಮೋಟರ್ ಪ್ಲೇಟ್‌ನ ಫೋಟೋ ಹಾಕಿ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಎಷ್ಟು ಚದರ ಮಿಲಿಮೀಟರ್ ಕೇಬಲ್ ಇದೆ ಅಂತಲೂ ಬರೆಯಿರಿ. ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ತೆಗೆದಿದ್ದಾರಾ ಅಂತ ನೋಡಿ, ಎರಡೂ ಒಂದೇ ಬ್ಯಾಟರಿಯಿಂದ ತೆಗೆದಿದ್ದರೆ ಪಲ್ಪರ್ ಶುರು ಮಾಡುವ ಮೊದಲೇ ಬದಲಿಸಿ.