ಅಪ್‌ಡೇಟ್: ಕಾಫಿ ತೋಟವನ್ನೆಲ್ಲ ಹುಲಿಯ ನೆಲೆ ಅಂತ ತೋರಿಸುತ್ತಿದ್ದ ನಕ್ಷೆ

ಹೋದ ತಿಂಗಳು ಕೇಳಿದ್ದೆನಲ್ಲ, ಕೊಡಗಿನಲ್ಲಿ ಹುಲಿಗೆ ತಕ್ಕ ಜಾಗ ಎಲ್ಲೆಲ್ಲಿದೆ ಅಂತ ಮ್ಯಾಕ್ಸೆಂಟ್‌ನಲ್ಲಿ (ಪ್ರಾಣಿ ಕಂಡ ಜಾಗಗಳಿಂದ ಅದಕ್ಕೆ ತಕ್ಕ ನೆಲೆ ಅಂದಾಜು ಮಾಡುವ ಸಾಫ್ಟ್‌ವೇರ್) ನಕ್ಷೆ ಮಾಡಿದರೆ ನಾಗರಹೊಳೆ, ಬ್ರಹ್ಮಗಿರಿ ಜೊತೆಗೆ ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳೂ ಕಡು ಕೆಂಪಾಗಿ, ಅಂದರೆ ತುಂಬಾ ತಕ್ಕ ಜಾಗವಾಗಿ ಬರುತ್ತಿವೆ, ಎಯುಸಿ (ಮಾದರಿ ಎಷ್ಟು ಚೆನ್ನಾಗಿ ಗುರುತಿಸುತ್ತದೆ ಅನ್ನುವ ಅಂಕ, 1 ಅಂದರೆ ಪೂರ್ತಿ ಸರಿ) ಮಾತ್ರ 0.9 ದಾಟಿದೆ, ತಪ್ಪೆಲ್ಲಿ ಅಂತ. ಕಾರಣ ಸಿಕ್ಕಿತು.

ಮುಖ್ಯವಾದದ್ದು ನೆರಳಿನ ಕಾಫಿ. ಉಪಗ್ರಹಕ್ಕೆ ಮೇಲಿಂದ ಕಾಣುವುದು ಮರದ ಹಸಿರು. ಸಿಲ್ವರ್ ಓಕ್, ಹಲಸು, ಅತ್ತಿ ಮರದ ಕೆಳಗೆ ಕಾಫಿ ಗಿಡ ಇದೆಯೋ ಕಾಡು ಇದೆಯೋ ಅಂತ ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಹಸಿರನ್ನು ಅಳೆಯುವ ಸೂಚ್ಯಂಕ) ಹೇಳುವುದಿಲ್ಲ. ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಕೂತು ತೋಟಗಳನ್ನು ಕೈಯಿಂದಲೇ ಗುರುತಿಸಿ ಬೇರೆ ವರ್ಗ ಮಾಡಿದೆ. ಮೂರು ವಾರ ಹಿಡಿಯಿತು.

ಇನ್ನೊಂದು ನೀವು ಹೇಳಿದ್ದೇ. ಹುಲಿಯ ಗುರುತು ಸಿಕ್ಕ ನನ್ನ ಬಿಂದುಗಳು ಹೆಚ್ಚಿನವು ರಸ್ತೆ ಬದಿಯವು, ಜನ ಓಡಾಡುವ ಕಡೆ ಹೆಜ್ಜೆ ಗುರುತು ಜಾಸ್ತಿ ಕಣ್ಣಿಗೆ ಬೀಳುತ್ತದೆ ಅಲ್ವಾ. ಚದರ ಕಿಲೋಮೀಟರಿಗೆ ಒಂದೇ ಬಿಂದು ಉಳಿಸಿಕೊಂಡೆ, ಹೋಲಿಕೆಗೆ ತೆಗೆದುಕೊಳ್ಳುವ ಹಿನ್ನೆಲೆ ಬಿಂದುಗಳನ್ನೂ ನಾವು ಹುಡುಕಿದ ದಾರಿಗಳ ಸುತ್ತಲೇ ತೆಗೆದೆ. ಪರೀಕ್ಷೆಗೆ ಬಿಂದುಗಳನ್ನು ಸುಮ್ನೆ ಕಲಸಿ ಹಂಚದೆ ಜಾಗವನ್ನೇ ಬ್ಲಾಕ್‌ಗಳಾಗಿ ಭಾಗ ಮಾಡಿ, ಮಾದರಿಗೆ ಕಲಿಸಲು ಬಳಸದ ಬ್ಲಾಕ್‌ನಲ್ಲಿ ಪರೀಕ್ಷಿಸಿದೆ. ಎಯುಸಿ 0.78ಕ್ಕೆ ಇಳಿಯಿತು. ಹಳೆಯ ಅಂಕ ಅಕ್ಕಪಕ್ಕದ ಬಿಂದುಗಳಿಂದಲೇ ಪರೀಕ್ಷಿಸಿ ಉಬ್ಬಿದ್ದು, ಹಾಗಾಗಿ ನಾನು ನಂಬುವುದು ಈ ನಕ್ಷೆಯನ್ನೇ.

ತೋಟಕ್ಕೆ ಹುಲಿ ಬರುವುದಿಲ್ಲ ಅಂತಲ್ಲ. ಬರುತ್ತದೆ, ದನ ಹಿಡಿಯುತ್ತದೆ, ನಮ್ಮ ಜನರೂ ಜೀವ ಕಳೆದುಕೊಂಡಿದ್ದಾರೆ. ಆದರೆ ಹಾದುಹೋಗುವ ಜಾಗ ಬೇರೆ, ಕಡವೆ, ಕಾಟಿ ತಿಂದು ಮರಿ ಸಾಕುವ ಜಾಗ ಬೇರೆ. ಹಳೆಯ ನಕ್ಷೆ ಎರಡನ್ನೂ ಒಂದೇ ಮಾಡಿತ್ತು.

ಬಿಂದುಗಳ ಫೈಲ್ ಕೇಳಿದವರು ದಯವಿಟ್ಟು ಬೇಜಾರಾಗಬೇಡಿ, ಕೊಡುವುದಿಲ್ಲ. ಅದು ಕಳ್ಳಬೇಟೆಯವರ ಕೈಗೆ ಸಿಗಬಾರದು.