58 ಜನರ ತರಗತಿ, ಓಟಿರುವುದು 13 ಜನಕ್ಕೆ. ಏನು ಮಾಡಲಿ?

ಬೇಲೂರುರಸ್ತೆ

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ನಾನು. ಈ ವರ್ಷ ಮತದಾರರ ಜಾಗೃತಿ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಕಾಯಂ ಇರುವವರು ಬಿಟ್ಟ ಕೆಲಸವೆಲ್ಲ ಅತಿಥಿಗೇ ಬರುತ್ತದೆ, ಅದು ಬೇರೆ ಮಾತು.

ಜನವರಿ 25ರ ಮತದಾರರ ದಿನ ಜೋರಾಗಿಯೇ ಮಾಡಿದೆವು. ಪ್ರತಿಜ್ಞೆ ಆಯಿತು, ರಂಗೋಲಿ ಆಯಿತು, ಪ್ರಬಂಧ ಸ್ಪರ್ಧೆಯೂ ಆಯಿತು. ಮೊದಲ ಬಹುಮಾನ ಬಂದ ಹುಡುಗಿ ನಿಜಕ್ಕೂ ಚೆನ್ನಾಗಿ ಬರೆದಿದ್ದಳು. ಬಹುಮಾನ ಕೊಟ್ಟು ಸುಮ್ನೆ ಕೇಳಿದೆ, ನಿನ್ನ ಓಟು ಯಾವ ಬೂತಿನಲ್ಲಿದೆ ಅಂತ. ‘ನಂದು ಇನ್ನೂ ಮಾಡ್ಸಿಲ್ಲ ಮಿಸ್’ ಅಂದಳು. ವಯಸ್ಸು 20.

ಮರುದಿನ ತರಗತಿಯಲ್ಲಿ ಕೈ ಎತ್ತಿಸಿದೆ. 58 ಜನರಲ್ಲಿ 13 ಕೈ. ಅದರಲ್ಲೂ ಇಬ್ಬರಿಗೆ ಅನುಮಾನ, ಅಪ್ಪ ಮಾಡಿಸಿರಬಹುದು ಅಂತ.

ಯಾಕೆ ಅಂದರೆ ಒಬ್ಬೊಬ್ಬರದು ಒಂದೊಂದು. ಊರು ಅರಕಲಗೂಡು, ಇರುವುದು ಹಾಸನದ ಪಿಜಿ, ಎಲ್ಲಿ ಮಾಡಿಸಬೇಕೋ ಗೊತ್ತಿಲ್ಲ. ಆಧಾರ್ ಇದೆಯಲ್ಲ, ಸಾಕಲ್ವಾ. ಎಲೆಕ್ಷನ್ ಬಂದಾಗ ಪಾರ್ಟಿಯವರೇ ಬಂದು ಮಾಡಿಸುತ್ತಾರೆ ಬಿಡಿ. ಕಡೂರಿನ ಒಬ್ಬಳಿಗೆ, ಜಿಲ್ಲೆ ಚಿಕ್ಕಮಗಳೂರಾದರೂ ತಾನು ಓಟು ಹಾಕಬೇಕಾದದ್ದು ಹಾಸನದ ಎಂಪಿ ಸೀಟಿಗೆ ಅನ್ನುವುದೇ ಗೊತ್ತಿರಲಿಲ್ಲ. ಸಕಲೇಶಪುರದ ಹುಡುಗನೊಬ್ಬ, ‘ಯಾರು ಗೆದ್ರೂ ನಮ್ಮ ತೋಟಕ್ಕೆ ಆನೆ ಬರೋದು ನಿಲ್ಲಲ್ಲ ಮಿಸ್’ ಅಂದ. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು, ಉತ್ತರ ಮಾತ್ರ ಬರಲಿಲ್ಲ.

ಯಾರಾದರೂ ನಿಜವಾಗಿ ಹುಡುಗರನ್ನು ಕೂರಿಸಿಕೊಂಡು ಹೆಸರು ಸೇರಿಸಿದ್ದರೆ, ಹೇಗೆ ಮಾಡಿದಿರಿ ಹೇಳಿ. ಘೋಷಣೆ ಬೇಡ, ನನ್ನ ಹತ್ತಿರವೇ ಜಾಸ್ತಿ ಇವೆ.


ಬೂತ್‌ಟೀಚರ್

ಮೂಡಿಗೆರೆ ಕಡೆ ಶಾಲೆಯಲ್ಲಿ ಶಿಕ್ಷಕಿ, ಜೊತೆಗೆ ಬಿಎಲ್‌ಒ, ಮತಗಟ್ಟೆ ಮಟ್ಟದ ಅಧಿಕಾರಿ. ಅಂದರೆ ನೀವೆಲ್ಲ ಮೊಬೈಲಿನಲ್ಲಿ ಒತ್ತಿ ಮರೆತ ಅರ್ಜಿ ಕೊನೆಗೆ ಬಂದು ಬೀಳುವುದು ನನ್ನಂಥವರ ಮಡಿಲಿಗೆ.

ಹುಡುಗರಿಗೆ ಆಸಕ್ತಿಯೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊಸದಾಗಿ ಹೆಸರು ಸೇರಿಸುವ ಫಾರಂ 6 ತುಂಬುವಾಗ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ, ಆಮೇಲೆ ನೋಡೋಣ ಅಂತ ಬಿಡುತ್ತಾರೆ, ಆ ಆಮೇಲೆ ಬರುವುದು ಓಟಿನ ದಿನ ಬೆಳಗ್ಗೆ, ಆಧಾರ್ ಕಾರ್ಡ್ ಹಿಡಿದುಕೊಂಡು, ನನ್ನ ಮೇಲೆ ಕೂಗಾಡಲಿಕ್ಕೆ. ಆಧಾರ್ ತೋರಿಸಿ ಓಟು ಹಾಕಬಹುದು, ನಿಜ. ಆದರೆ ಪಟ್ಟಿಯಲ್ಲಿ ಹೆಸರು ಇದ್ದರೆ ಮಾತ್ರ. ವೋಟರ್ ಕಾರ್ಡು ಕಳೆದುಹೋಗಿದ್ದರೂ ನಡೆಯುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನೂ ನಡೆಯುವುದಿಲ್ಲ. ಈ ಒಂದು ಮಾತನ್ನು ಬೋರ್ಡಿನ ಮೇಲೆ ಬರೆದಿಡಿ.

ಮೊದಲು ಸಿಕ್ಕಿಹಾಕಿಕೊಳ್ಳುವುದು ವಯಸ್ಸಿನ ಲೆಕ್ಕದಲ್ಲಿ. 18 ತುಂಬಿದೆಯಾ ಅಂತ ನೋಡಲು ಹಿಂದೆ ಜನವರಿ 1 ಒಂದೇ ತಾರೀಖು ಇತ್ತು. ಜನವರಿ 2ಕ್ಕೆ ಹುಟ್ಟಿದವರು ಪೂರ್ತಿ ವರ್ಷ ಕಾಯಬೇಕಿತ್ತು, ಪಾಪ. 2022ರಿಂದ ನಾಲ್ಕು ತಾರೀಖು ಆಗಿದೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮೊದಲೇ ಅರ್ಜಿ ಹಾಕಿಡಬಹುದು, 18 ಆದ ಮೇಲೆ ಬರುವ ತಾರೀಖಿಗೆ ಹೆಸರು ಸೇರುತ್ತದೆ. ಹಾಗಾಗಿ ನಿಮ್ಮ ಪಿಯುಸಿ ಮಕ್ಕಳನ್ನೂ ಬಿಡಬೇಡಿ.

ಎರಡನೆಯದು ವಿಳಾಸ. ಹುಡುಗನ ಹೆಸರಿನಲ್ಲಿ ಕರೆಂಟ್ ಬಿಲ್ ಎಲ್ಲಿಂದ ಬರಬೇಕು? ಅಪ್ಪನ ಅಥವಾ ಅಮ್ಮನ ಹೆಸರಿನ ದಾಖಲೆ ಕೊಟ್ಟರೆ ಆಗುತ್ತದೆ, ಅವರ ಓಟು ಅದೇ ವಿಳಾಸದಲ್ಲಿದ್ದರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ವಾಪಸ್ ಹೋಗುತ್ತಾರೆ. ನಮ್ಮ ಕಡೆ ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಮಕ್ಕಳದ್ದು ಇನ್ನೂ ಕಷ್ಟ. ಬಿಲ್ಲು ತೋಟದ ಹೆಸರಿನಲ್ಲಿ, ಆಧಾರ್ ಯಾವುದೋ ಹಳೇ ಊರಿನದ್ದು. ಆಗ ಬಿಎಲ್‌ಒ ಖುದ್ದಾಗಿ ಹೋಗಿ ನೋಡಿ ಬರೆಯಬೇಕು. ಮಳೆಗಾಲದಲ್ಲಿ ಆ ಲೈನುಗಳಿಗೆ ಹೋಗಿ ಬರುವುದು ಏನಂತ ಜಿಗಣೆ ಕಚ್ಚಿಸಿಕೊಂಡವರಿಗೇ ಗೊತ್ತು.

ಮೂರನೆಯದು ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಇನಿಶಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ. ಆನ್‌ಲೈನಿನಲ್ಲಿ ಇಂಗ್ಲಿಷಿನಲ್ಲಿ ಹೆಸರು ಹಾಕಿದರೆ ಕನ್ನಡದ್ದು ತಾನಾಗಿಯೇ ಬಂದು ಕೂರುತ್ತದೆ. ಯಾರೂ ಅದನ್ನು ಓದುವುದೇ ಇಲ್ಲ. ಚೇತನ್ ಹೋಗಿ ಚೆಟನ್ ಆಗಿರುತ್ತಾನೆ. ಕಳಿಸುವ ಮೊದಲು ಕನ್ನಡದಲ್ಲಿ ಒಮ್ಮೆ ಓದಿಸಿ.

ಏನಾದರೂ ಗೊಂದಲ ಆದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಮತ್ತೆ ಆ ಆನೆ ಹುಡುಗನಿಗೆ ಹೇಳಿ, ಆನೆ ಓಟು ನೋಡಿ ಬರುವುದಿಲ್ಲ, ಸರಿ. ಆದರೆ ಬೆಳೆ ಹೋದರೆ ಪರಿಹಾರ ಎಷ್ಟು, ರೈಲ್ವೆ ಕಂಬಿ ಬೇಲಿಯನ್ನು ಯಾವ ಕಡೆ ಮೊದಲು ಹಾಕಬೇಕು, ಇದನ್ನೆಲ್ಲ ತೀರ್ಮಾನ ಮಾಡುವುದು ಆನೆ ಅಲ್ಲ.


ಲಾಸ್ಟ್‌ಬೆಂಚ್_ಆಲೂರು

ಬಿಎಲ್‌ಒ ಮೇಡಂ ಹೇಳಿದ್ದೆಲ್ಲ ಸರಿ. ನನ್ನ ಕಥೆಯನ್ನೂ ಕೇಳಿ. 19 ಆದಾಗ ನಾನೇ ಆಸೆಪಟ್ಟು ಪಿಜಿ ವಿಳಾಸಕ್ಕೆ ಅರ್ಜಿ ಹಾಕಿದೆ. ಯಾರೋ ನೋಡಲು ಬಂದರಂತೆ, ನಾನು ಕ್ಲಾಸಿನಲ್ಲಿದ್ದೆ. ಪಿಜಿ ಓನರ್ ‘ಆ ಹೆಸರಿನವರು ಯಾರೂ ಇಲ್ಲ’ ಅಂದುಬಿಟ್ಟ. ಬಾಡಿಗೆ ಲೆಕ್ಕ ಯಾರಿಗೂ ತೋರಿಸಬಾರದಲ್ಲ, ಅದಕ್ಕೆ. ಅರ್ಜಿ ತಿರಸ್ಕಾರ. ಒಂದು ಫೋನ್ ಮಾಡಿದ್ದರೆ ಓಡಿ ಬರುತ್ತಿದ್ದೆ, ಅರ್ಜಿಯಲ್ಲಿ ನನ್ನ ನಂಬರ್ ಇತ್ತು.

ಅದಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿದೆ. ಯುವಕರು ಓಟು ಹಾಕಲ್ಲ ಅಂತ ಎಲ್ಲರೂ ಬೈಯುತ್ತೀರಿ. ಸ್ವಾಮಿ, ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಓಟು ನಡೆಯಿತು. ಗೆದ್ದವರ ಐದು ವರ್ಷ 2021ಕ್ಕೆ ಮುಗಿಯಿತು. ಆಮೇಲೆ ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ನಮ್ಮಣ್ಣ ದುಡಿಯಲು ಶುರು ಮಾಡಿ, ಮದುವೆಯಾಗಿ, ಮಗುವಿನ ನಾಮಕರಣವೂ ಆಯಿತು. ಜಿಲ್ಲಾ ಪಂಚಾಯಿತಿಗೆ ಓಟು ಹಾಕುವುದು ಹೇಗಿರುತ್ತದೆ ಅಂತ ಅವನಿಗೆ ಗೊತ್ತಿಲ್ಲ. ಪಂಕ್ತಿ ಹಾಕದೆ ಊಟಕ್ಕೆ ಯಾಕೆ ಬರಲಿಲ್ಲ ಅಂದರೆ ಏನು ಹೇಳುವುದು?


ಕೊಪ್ಪದವನು

ಬೆಂಗಳೂರಿನಲ್ಲಿ ಕೆಲಸ, ಓಟು ಇನ್ನೂ ಊರಲ್ಲೇ. ಲಾಸ್ಟ್‌ಬೆಂಚ್, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ‘ನನ್ನೊಬ್ಬನ ಓಟಿನಿಂದ ಏನಾಗುತ್ತದೆ’ ಅನ್ನುವವರಿಗೆ ನಾನು ದೂರದ ಉದಾಹರಣೆ ಕೊಡುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಓಟಿನಿಂದ ಸೋತ ಕಥೆ ಎಲ್ಲರೂ ಹೇಳುತ್ತಾರೆ, ಹುಡುಗರಿಗೆ ಅದು ಕ್ವಿಜ್ ಪ್ರಶ್ನೆ ಇದ್ದ ಹಾಗೆ, ಕೇಳಿ ಮರೆಯುತ್ತಾರೆ. ನಮ್ಮ ಶೃಂಗೇರಿ ಕ್ಷೇತ್ರದ್ದೇ ಹೇಳಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಎಣಿಕೆಯ ದಿನ ಘೋಷಿಸಿದ ಅಂತರ 201 ಓಟು. ಇನ್ನೂರ ಒಂದು. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಕೊಪ್ಪ, ಶೃಂಗೇರಿ ಕಡೆಗೆ ಹೊರಡುವ ನಾಲ್ಕು ಬಸ್ಸಿನ ಜನ ಅಷ್ಟೇ. ನಾನು ಆ ಸಲ ಹೋಗಿದ್ದೆ. ನನ್ನ ರೂಮಿನ ಇಬ್ಬರು ಬುಧವಾರ ಒಂದು ದಿನದ ರಜೆಗೆ ಯಾರು ಹೋಗ್ತಾರೆ ಅಂತ ಉಳಿದರು. ಫಲಿತಾಂಶದ ದಿನ ಆ ಇಬ್ಬರ ಮುಖ ನೋಡಬೇಕಿತ್ತು. ಅವರ ಪಾರ್ಟಿ ಯಾವುದು ಅಂತ ಇಲ್ಲಿ ಹೇಳಲ್ಲ.

ಈಗ ಪಿಜಿ ವಿಷಯ. ಓದುವ ಹುಡುಗರು ಊರಲ್ಲೇ ಮಾಡಿಸಲಿ ಅನ್ನುವುದು ನನ್ನ ಅಭಿಪ್ರಾಯ. ಊರಿನ ರಸ್ತೆ, ನೀರು, ಶಾಲೆ ಗೊತ್ತಿರುತ್ತದೆ. ಹಾಸನದ ವಾರ್ಡಿನ ಬಗ್ಗೆ ಅವರಿಗೇನು ಗೊತ್ತು?


ಬೂತ್‌ಟೀಚರ್

ಕೊಪ್ಪದವರೇ, ಇದೊಂದನ್ನು ಒಪ್ಪುವುದಿಲ್ಲ. ಹಾಸ್ಟೆಲಿನಲ್ಲಿ ಇದ್ದು ಓದುವವರು ಊರಲ್ಲಾದರೂ ಮಾಡಿಸಬಹುದು, ಹಾಸ್ಟೆಲ್ ವಿಳಾಸಕ್ಕಾದರೂ ಮಾಡಿಸಬಹುದು, ಆಯ್ಕೆ ಅವರದ್ದೇ. ಹಾಸ್ಟೆಲ್ ವಿಳಾಸ ಅಂದರೆ ಕಾಲೇಜಿನ ಮುಖ್ಯಸ್ಥರ ಪತ್ರ ಬೇಕು. ಬೀದರಿನಿಂದ ಬಂದು ಹಾಸನದಲ್ಲಿ ಓದುವ ಹುಡುಗಿ ಓಟು ಹಾಕಲು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗುತ್ತಾಳಾ? ಅವಳು ಇಲ್ಲೇ ಮಾಡಿಸುವುದು ಒಳ್ಳೆಯದು. ಅರಕಲಗೂಡಿನ ಹುಡುಗನಿಗೆ ಊರೇ ಸುಲಭ. ಎರಡೂ ಕಡೆ ಮಾತ್ರ ಬೇಡ. ಬೇರೆಲ್ಲೂ ಹೆಸರಿಲ್ಲ ಅಂತ ಸುಳ್ಳು ಬರೆದು ಸಹಿ ಹಾಕಿದರೆ ಒಂದು ವರ್ಷದವರೆಗೆ ಜೈಲಿಗೆ ಅವಕಾಶ ಇದೆ. ಆಗಲೇ ಹೆಸರಿದ್ದು ಜಾಗ ಬದಲಾಯಿಸುವವರಿಗೆ ಫಾರಂ 8, ಹೊಸದಾಗಿ ಫಾರಂ 6 ಹಾಕಬಾರದು.

ಲಾಸ್ಟ್‌ಬೆಂಚ್, ನಿಮಗೆ ಆದದ್ದು ತಪ್ಪೇ. ಫೋನ್ ಮಾಡಬೇಕಿತ್ತು. ಮತ್ತೆ ಹಾಕಿ, ಈ ಸಲ ಊರಿನ ವಿಳಾಸಕ್ಕೆ.


ಹಳೇಪೋಸ್ಟರ್

ಚಿಕ್ಕಮಗಳೂರಿನವನು, ನಿವೃತ್ತ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಮ್ಮೂರಿಗೆ ಬಂದು ಉಪಚುನಾವಣೆಗೆ ನಿಂತರು. ಎದುರಿಗೆ ವೀರೇಂದ್ರ ಪಾಟೀಲರು. ಇಡೀ ದೇಶದ ಪತ್ರಿಕೆಯವರು ಚಿಕ್ಕಮಗಳೂರಿನಲ್ಲಿ. ನನಗೆ ಆಗ 19. ಗೋಂದಿನ ಬಕೆಟ್ ಹಿಡಿದು ರಾತ್ರಿಯಿಡೀ ಗೋಡೆಗೆ ಪೋಸ್ಟರ್ ಅಂಟಿಸಿದೆ, ಯಾರದ್ದು ಅಂತ ಕೇಳಬೇಡಿ, ಎರಡೂ ಕಡೆಯವರು ಕಾಫಿ ತಿಂಡಿ ಕೊಡುತ್ತಿದ್ದರು. ಓಟಿನ ದಿನ ಮಾತ್ರ ಬೂತಿನ ಹೊರಗೆ ನಿಂತಿದ್ದೆ. ಆಗ ಓಟಿಗೆ 21 ಆಗಬೇಕಿತ್ತು. ಸಂವಿಧಾನಕ್ಕೆ 61ನೇ ತಿದ್ದುಪಡಿ ಆಗಿ 18ಕ್ಕೆ ಇಳಿದದ್ದು 1989ರಲ್ಲಿ. ಅಷ್ಟರಲ್ಲಿ ನನ್ನ ತಲೆಗೂದಲು ಉದುರಲು ಶುರುವಾಗಿತ್ತು.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದರೆ ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಹಾಗಾಗಿ ಕಥೆಯಿಂದ ಕೆಲಸ ಆಗಲ್ಲ, ಮೇಡಂ. ನಾನು ಮಾಡಿದ್ದು ಇಷ್ಟು: ಅವನ ಮಾರ್ಕ್ಸ್ ಕಾರ್ಡು, ಆಧಾರ್, ಒಂದು ಫೋಟೊ ಟೇಬಲ್ಲಿನ ಮೇಲೆ ಇಟ್ಟು, ಇದು ಮುಗಿಯುವ ತನಕ ಬೈಕಿನ ಕೀ ಕೊಡಲ್ಲ ಅಂದೆ. ಸ್ವಲ್ಪ ಹೊತ್ತಿನಲ್ಲೇ ಮುಗಿಸಿದ.


ಲಾಸ್ಟ್‌ಬೆಂಚ್_ಆಲೂರು

ಅಜ್ಜ, ಬೈಕ್ ಕೀ ಐಡಿಯಾ ಸಕತ್ತಾಗಿದೆ. ಎಲ್ಲರಿಗೂ ಬೈಕ್ ಇರಬೇಕಲ್ಲ.

ಊರಿನ ವಿಳಾಸಕ್ಕೆ ಹಾಕುತ್ತೇನೆ. ಜಿಲ್ಲಾ ಪಂಚಾಯಿತಿ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೇಡಂ, ನಿಮ್ಮ ಕಾಲೇಜಿನಲ್ಲಿ ಓಟಿನ ಬಗ್ಗೆ ಹೇಳುವಾಗ ಇದನ್ನೂ ಹೇಳಿ. ಬರೀ ಒಳ್ಳೆಯದನ್ನೇ ಹೇಳಿದರೆ ಹುಡುಗರು ನಂಬಲ್ಲ.


ಬೇಲೂರುರಸ್ತೆ

ಮೂರು ವಾರ ಆಯಿತು, ಬಂದು ಹೇಳಿ ಹೋಗೋಣ ಅಂತ ಬಂದೆ.

ಬುಧವಾರದ ಕೊನೆ ಎರಡು ಪೀರಿಯಡ್ ತೆಗೆದುಕೊಂಡೆ. ಭಾಷಣ ಇಲ್ಲ. ಎಲ್ಲರೂ ಮೊಬೈಲ್ ತೆಗೀರಿ ಅಂದೆ. ತರಗತಿಯಲ್ಲಿ ಇಂಥ ಮಾತು ಕೇಳಿಯೇ ಇರದ ಹುಡುಗರು ಮೊದಲು ನನ್ನನ್ನು ಅನುಮಾನದಿಂದ ನೋಡಿದರು. ಕೈ ಎತ್ತಿದ್ದ 13 ಜನರ ಕೈಯಲ್ಲಿ ಮೊದಲು ಅವರದ್ದೇ ಹೆಸರು ಹುಡುಕಿಸಿದೆ. ಅನುಮಾನ ಇದ್ದ ಇಬ್ಬರದ್ದೂ ಇರಲಿಲ್ಲ. ಹೋಯಿತು, 11. ಆ 11 ಜನರನ್ನೇ ಬೆಂಚಿಗೊಬ್ಬರಂತೆ ಕೂರಿಸಿ ಉಳಿದವರಿಗೆ ಫಾರಂ ತುಂಬಿಸಲು ಹೇಳಿದೆ. ನೆಟ್‌ವರ್ಕ್ ಸಿಗುವುದು ಕಿಟಕಿ ಪಕ್ಕ ಮಾತ್ರ, ಹಾಗಾಗಿ ಕಿಟಕಿ ಹತ್ತಿರ ಜಾತ್ರೆ.

ಆ ದಿನ ಕಳಿಸಿದ್ದು 26. ಕರೆಂಟ್ ಬಿಲ್ಲಿನ ಫೋಟೊವನ್ನು ಅಮ್ಮನಿಂದ ವಾಟ್ಸಾಪಿನಲ್ಲಿ ತರಿಸಿಕೊಂಡವರು ಅದರಲ್ಲೇ ಎಷ್ಟೋ ಜನ. ಮುಂದಿನ ವಾರ ಇನ್ನೂ 9. ಶೃಂಗೇರಿಯ 201 ಹೇಳಿದೆ, ಲಾಸ್ಟ್‌ಬೆಂಚ್ ಅವರ ಜಿಲ್ಲಾ ಪಂಚಾಯಿತಿ ಮಾತನ್ನೂ ಹೇಳಿದೆ. ಎರಡನೆಯದಕ್ಕೇ ಜಾಸ್ತಿ ಚರ್ಚೆ ಆಯಿತು, ಒಬ್ಬಳು ‘ಇದನ್ನು ಯಾರಿಗೆ ಕೇಳ್ಬೇಕು ಮಿಸ್’ ಅಂದಳು, ಆಮೇಲೆ ಗಂಟೆ ಹೊಡೆದದ್ದೂ ಗೊತ್ತಾಗಲಿಲ್ಲ. ಪಿಜಿಯವರ ಪೈಕಿ ನಾಲ್ಕು ಜನ ಇನ್ನೂ ಊರೋ ಇಲ್ಲೋ ಅಂತ ಯೋಚಿಸುತ್ತಿದ್ದಾರೆ. ಇಬ್ಬರು ಮಾಡಿಸುವುದಿಲ್ಲ ಅಂತ ನೇರವಾಗಿ ಹೇಳಿದರು, ನಾನು ಒತ್ತಾಯ ಮಾಡಲಿಲ್ಲ. ಉಳಿದವರು ಆ ಎರಡು ಬುಧವಾರವೂ ಬಂದಿರಲಿಲ್ಲ.

ಆನೆ ಹುಡುಗ ಫಾರಂ ತುಂಬಿದ. ‘ಪರಿಹಾರಕ್ಕೆ ಅಪ್ಪ ಅರ್ಜಿ ಹಾಕಿ ಕಾಯ್ತಾ ಇದ್ದಾರೆ, ಇದೂ ಒಂದು ಅರ್ಜಿ ಇರ್ಲಿ’ ಅಂದ.

ಬೂತ್‌ಟೀಚರ್ ಮೇಡಂ, ನೀವು ಅಷ್ಟು ಹೇಳಿದ್ದರೂ ಒಬ್ಬನದ್ದು ತಪ್ಪಿದೆ. ಗೌತಮ್ ಹೋಗಿ ಗೌಟಮ್ ಆಗಿದ್ದಾನೆ, ಕಳಿಸಿದ ಮೇಲೆ ನೋಡಿದೆವು. ಈಗಲೇ ಏನಾದರೂ ಮಾಡಬಹುದಾ, ಇಲ್ಲ ಹೆಸರು ಸೇರಿದ ಮೇಲೆ ಫಾರಂ 8 ಹಾಕಬೇಕಾ?


ಬೂತ್‌ಟೀಚರ್

ಆ ಏರಿಯಾದ ಬಿಎಲ್‌ಒ ಮನೆಗೆ ಬಂದಾಗ ಹೇಳಲಿ, ಆಗಲೇ ಗುರುತು ಹಾಕಿಕೊಳ್ಳುತ್ತಾರೆ. ಆಗಲೂ ಬಿಟ್ಟುಹೋದರೆ ಫಾರಂ 8. ಆ ಬಹುಮಾನದ ಹುಡುಗಿಯದ್ದು ಆಯಿತಾ?


ಬೇಲೂರುರಸ್ತೆ

ಎರಡು ಸಲ ವಾಪಸ್ ಬಂದಳು. ಮೊದಲ ಸಲ ಫೋಟೊ ಸರಿ ಇರಲಿಲ್ಲ, ಎರಡನೇ ಸಲ ಒಟಿಪಿ ಅಪ್ಪನ ಫೋನಿಗೆ ಹೋಯಿತು, ಅಪ್ಪ ಗದ್ದೆಯಲ್ಲಿ. ನಿನ್ನೆ ಸಂಜೆ ಕಳಿಸಿದಳು.